ನನ್ನದೇನಿಲ್ಲ ಕಾಕಾ

ಎರಡು ತಿಂಗಳ ಹಿಂದಿನ ಮಾತು. ನಮ್ಮ ಕನ್ನಡ ಆರಾಧನೆಯಲ್ಲಿ ಅಂದು ವಾಕ್ಯ ಓದುವ ಸರದಿ ನನ್ನದಿತ್ತು. ಆರಾಧನೆ ಮುಗಿದು ಚಹಾ ಕುಡಿಯುತ್ತಿದ್ದಾಗ ಬೀದರ ಕಡೆಯ ಹಿರಿಯರೊಬ್ಬರು ಬಂದು ಬೆನ್ನು ತಟ್ಟಿದರು. "ಭಾಳ ಚಂದ ಓದಿದಿ ತಮ್ಮಾ. ಊರಾಗ ಕುಂತು ಕೇಳಿದಂಗ ಆತು." ರೂಢಿಯ ಮಾತು ತಾನಾಗಿ ಬಾಯಿಗೆ ಬಂತು: "ನನ್ನದೇನಿಲ್ಲ ಕಾಕಾ, ಎಲ್ಲಾ ದೇವರ ಮಹಿಮೆ."

ಕಾಕಾ ಒಂದು ಗುಟುಕು ಚಹಾ ಕುಡಿದು, "ಹಂಗಾದ್ರ ನಡುವ ಎರಡು ಸಾಲು ಬಿಟ್ಟು ಓದಿದಾಂವನೂ ದೇವರೇ ಏನು?" ಅಂದರು.

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಆ ಮಾತು ಚುಚ್ಚುತ್ತಲೇ ಇತ್ತು. ನಿಜ ಹೇಳಬೇಕೆಂದರೆ, ಹಾಗೆ ಹೇಳುವಾಗ ನಾನು ಎರಡನೇ ಹೊಗಳಿಕೆಗೆ ಕಾಯುತ್ತಿದ್ದೆ. 'ಎಷ್ಟು ದೀನ ಸ್ವಭಾವ ನೋಡ್ರಿ' ಅಂತ ಯಾರಾದರೂ ಅನ್ನಲಿ ಎಂದು. ಲುಸ್ತ್ರದಲ್ಲಿ ಜನ ಪೌಲ ಬಾರ್ನಬರನ್ನು ದೇವರೆಂದು ಬಗೆದು ಬಲಿ ಕೊಡಲು ಬಂದಾಗ ಅವರು ಬಟ್ಟೆ ಹರಿದುಕೊಂಡು ತಡೆದರು, ಸರಿ. ಚಹಾ ಕುಡಿಯುವಲ್ಲಿ ಸಿಕ್ಕ ಮೆಚ್ಚುಗೆಗೆ ಅಷ್ಟೆಲ್ಲ ಬೇಕೆ? ಬೇಥಾನ್ಯದಲ್ಲಿ ಹೆಂಗಸೊಬ್ಬಳು ತಲೆಯ ಮೇಲೆ ಸುಗಂಧತೈಲ ಸುರಿದಾಗ ಯೇಸು ಬೇಡವೆನ್ನಲಿಲ್ಲ. ತಡೆಯಲು ಹೋದವರನ್ನೇ ಸುಮ್ಮನಿರಿಸಿದ.

ಇದು ತಲೆಯಲ್ಲಿ ಕೊರೆಯುತ್ತಿರುವಾಗಲೇ ರಜೆಗೆ ಊರಿಗೆ ಹೊರಟೆ. ಪುಣೆಯಿಂದ ಕಲಬುರಗಿ ಕಡೆ ಹೋಗುವ ನಮ್ಮ ರೈಲುಗಳು ದೌಂಡಿಗೆ ಮೊದಲು ಕೇಡಗಾಂವ್ ದಾಟುತ್ತವೆ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇರುವುದು ಅಲ್ಲಿಯೇ. ಎಷ್ಟೋ ವರ್ಷ ಆ ನಿಲ್ದಾಣ ಬರುವ ಹೊತ್ತಿಗೆ ನಾನು ಬುತ್ತಿ ಬಿಚ್ಚಿಕೊಂಡು ಕೂತಿರುತ್ತಿದ್ದೆ, ಹೊರಗೆ ನೋಡಿದವನಲ್ಲ.

ರಮಾಬಾಯಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. ಮನೆಮಾತು ಮರಾಠಿ, ಕನ್ನಡವೂ ಬರುತ್ತಿತ್ತು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಜನರ ವಿರೋಧ ಕಟ್ಟಿಕೊಂಡವರು. ತಾಯಿ ಮಗಳಿಗೆ ಕಲಿಸಿದರು. ಬರಗಾಲದಲ್ಲಿ ಹೆತ್ತವರನ್ನು ಕಳೆದುಕೊಂಡು, ಅಣ್ಣನ ಜೊತೆ ಊರೂರು ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದಾಗ ಆಕೆಗೆ ಇಪ್ಪತ್ತು. ಅಲ್ಲಿಯ ಪಂಡಿತರು ಪರೀಕ್ಷಿಸಿ ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಹೆಂಗಸರಿಗೆ ಶಾಸ್ತ್ರದ ವಿಷಯ ಉಪನ್ಯಾಸ ಮಾಡಿ ಎಂದೂ ಕೇಳಿದರು. ಅದಕ್ಕಾಗಿ ಧರ್ಮಶಾಸ್ತ್ರ ಓದತೊಡಗಿದ ಮೇಲೆಯೇ, ಹೆಣ್ಣಿನ ಬಗ್ಗೆ ಅಲ್ಲಿ ಏನೇನು ಬರೆದಿದೆ ಎಂದು ತಾನು ತಿಳಿದದ್ದಾಗಿ ಅವರು ತಮ್ಮ ಆತ್ಮಕಥನದಲ್ಲಿ ಹೇಳುತ್ತಾರೆ. ತನ್ನನ್ನು ಸರಸ್ವತಿ ಎಂದವರ ಗ್ರಂಥದಲ್ಲಿ ಉಳಿದ ಹೆಂಗಸರಿಗೆ ಜಾಗವೇ ಇರಲಿಲ್ಲ.

ಬಿರುದನ್ನು ಅವರು ಬಿಸಾಡಲಿಲ್ಲ. 1887ರ ಇಂಗ್ಲಿಷ್ ಪುಸ್ತಕದ ಮೇಲೂ ಪಂಡಿತಾ ರಮಾಬಾಯಿ ಸರಸ್ವತಿ ಎಂದೇ ಇದೆ. ಆ ಹೆಸರು ಹೊತ್ತು ಅಮೆರಿಕದಲ್ಲಿ ಊರೂರು ಮಾತಾಡಿ ಹಣ ಕೂಡಿಸಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಪುಣೆಗೆ ತಂದರು.

ವಿಚಿತ್ರವೆಂದರೆ, 'ದೀನತೆ ಇಲ್ಲ' ಎಂದು ಅವರು ಬೈಸಿಕೊಂಡದ್ದು ಸಭೆಯೊಳಗಿನವರಿಂದಲೇ. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನವಾದ ಮೇಲೆ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಧರ್ಮಮಾತೆಯಾಗಿದ್ದರು. ಸಭೆಯ ಉಪದೇಶವನ್ನು ರಮಾಬಾಯಿ ಪ್ರಶ್ನಿಸಿದಾಗ ಜೆರಾಲ್ಡಿನ್‌ಗೆ ಅದು ಗರ್ವವಾಗಿ ಕಂಡಿತು. ನನ್ನ ಮನಸ್ಸಾಕ್ಷಿಯನ್ನು ಯಾರಿಗೂ ಒಪ್ಪಿಸಿಕೊಟ್ಟಿಲ್ಲ ಎಂಬ ಅರ್ಥದಲ್ಲಿ ರಮಾಬಾಯಿ ತಿರುಗಿ ಬರೆದರು. ಆ ಪತ್ರವ್ಯವಹಾರ ಅಚ್ಚಾಗಿದೆ. ಓದಿದರೆ ನನ್ನ 'ನನ್ನದೇನಿಲ್ಲ' ಎಷ್ಟು ಅಗ್ಗ ಅನಿಸುತ್ತದೆ.

1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಾಗ ಅವರ ಮೇಜಿನ ಮೇಲಿದ್ದದ್ದು ಮರಾಠಿ ಬೈಬಲಿನ ಕೆಲಸ. ಸಂಸ್ಕೃತಕ್ಕಾಗಿ ಬಿರುದು ಪಡೆದವರು ಹೀಬ್ರೂ, ಗ್ರೀಕ್ ಕಲಿತು, ಆಶ್ರಮದ ಸಾಮಾನ್ಯ ಹೆಣ್ಣುಮಕ್ಕಳಿಗೂ ತಿಳಿಯಲೆಂದು ಕಷ್ಟದ ಸಂಸ್ಕೃತ ಪದಗಳನ್ನು ಹುಡುಕಿ ಹುಡುಕಿ ತೆಗೆದು ಅನುವಾದಿಸುತ್ತಿದ್ದರು. 1922ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಇಡೀ ಬೈಬಲ್ ಹೊರಬಂದದ್ದು 1924ರಲ್ಲಿ, ಮುಕ್ತಿಯದೇ ಮುದ್ರಣಾಲಯದಿಂದ.

ಊರಿಂದ ಬಂದ ಮೇಲಿನ ಭಾನುವಾರ ಕಾಕಾನ ಹತ್ತಿರ ಹೋಗಿ, "ಅವತ್ತು ನೀವು ಚಂದ ಓದಿದಿ ಅಂದದ್ದು ಖುಷಿ ಆಯ್ತು ಕಾಕಾ. ಎರಡು ಸಾಲು ಬಿಟ್ಟದ್ದು ನನ್ನದೇ ತಪ್ಪು" ಅಂದೆ.

"ಇರಲಿ ಬಿಡು. ಓದಾಕ ಬರ್ತದಲ್ಲ, ನಮ್ಮ ಮೊಮ್ಮಗಳಿಗೆ ಕಲಸು. ಇಲ್ಲೇ ಹುಟ್ಟಿ ಬೆಳದಾಳ, ಮಾತಾಡ್ತಾಳ, ಅಕ್ಷರ ಬರಂಗಿಲ್ಲ" ಅಂದರು.

ಈಗ ಶನಿವಾರ ಸಂಜೆ ಅವಳು ನಮ್ಮ ಮನೆಗೆ ಬರುತ್ತಾಳೆ. ಮರಾಠಿ ಶಾಲೆಯ ಹುಡುಗಿ, 'ಳ' ಸಲೀಸು. ಎ-ಏ, ಒ-ಓ ಮಾತ್ರ ಹಿಡಿತಕ್ಕೆ ಸಿಕ್ಕಿಲ್ಲ. 'ಕೊಡು' ಎಂದಿರುವಲ್ಲೆಲ್ಲ 'ಕೋಡು' ಎಂದು ಓದುತ್ತಾಳೆ. ಕ್ರಿಸ್‌ಮಸ್ ಆರಾಧನೆಯಲ್ಲಿ ಲೂಕ ಎರಡನೇ ಅಧ್ಯಾಯ ಅವಳೇ ಓದಬೇಕೆಂದು ಕಾಕಾ ಆಗಲೇ ಅಯ್ಯನವರಿಗೆ ಹೇಳಿಬಿಟ್ಟಿದ್ದಾರೆ.