ಯಂತ್ರ ಮಾರುವವನಿಗೆ ಕನ್ನಡ ಬೇಡವೇ?



ಕಳೆದ ಮಳೆಗಾಲದ ಮಾತು. ನಮ್ಮ ನೆರೆಕರೆಯ ಅಣ್ಣ ಒಬ್ಬರು ಮೂರು ಎಕರೆ ಅಡಿಕೆ ತೋಟದವರು. ಏಳನೇ ತರಗತಿಯವರೆಗೆ ಕನ್ನಡ ಓದಿದವರು, ಪೇಪರ್ ಬಿಡದೆ ಓದುವವರು. ಬೆಂಗಳೂರಿನಲ್ಲಿರುವ ಮಗ ಅಪ್ಪನಿಗೆ ಕಷ್ಟ ಆಗಬಾರದೆಂದು ಮೊಬೈಲಿನಲ್ಲೇ ದುಡ್ಡು ಕಟ್ಟಿ ಹುಲ್ಲು ತೆಗೆಯುವ ಮೆಷಿನ್ ಒಂದನ್ನು ಕಳಿಸಿದ. ಗುತ್ತಿಗಾರು ಪೇಟೆಯ ಬೆಲೆಗಿಂತ ಎರಡು ಸಾವಿರ ಕಡಿಮೆ. ಪೆಟ್ಟಿಗೆ ಬಿಚ್ಚಿದರೆ ಒಳಗೊಂದು ಪುಸ್ತಕ. ಇಂಗ್ಲಿಷ್ ಇದೆ, ಹಿಂದಿ ಇದೆ, ಚೀನೀ ಅಕ್ಷರವೂ ಇದೆ. ಕನ್ನಡ ಮಾತ್ರ ಇಲ್ಲ!

ಅಣ್ಣನ ಹಳೆಯ ಮೆಷಿನ್ ಫೋರ್ ಸ್ಟ್ರೋಕ್. ಬರೀ ಪೆಟ್ರೋಲಿನಲ್ಲಿ ಓಡುತ್ತಿತ್ತು. ಹೊಸದು ಟೂ ಸ್ಟ್ರೋಕ್. ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸದಿದ್ದರೆ ಪಿಸ್ಟನ್ ಸುಟ್ಟು ಹಿಡಿದುಕೊಳ್ಳುತ್ತದೆ. ಇದು ಆ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಇತ್ತು, ಇಂಗ್ಲಿಷಿನಲ್ಲಿ. ಅಣ್ಣ ಬರೀ ಪೆಟ್ರೋಲ್ ಹಾಕಿ ಎಳೆದರು. ಅರ್ಧ ಗಂಟೆ ಓಡಿತು. ಆಮೇಲೆ ನಿಂತಿತು. ನಿಂತದ್ದು ನಿಂತೇ ಹೋಯಿತು.

ಪೆಟ್ಟಿಗೆಯ ಮೇಲಿನ ನಂಬರಿಗೆ ಫೋನ್ ಮಾಡಿದರೆ ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಕನ್ನಡಕ್ಕೆ ಒತ್ತಲು ಯಾವ ನಂಬರೂ ಇಲ್ಲ. ಕೊನೆಗೆ ಮಗನೇ ಮಾತಾಡಿದ. "ನಿಮ್ಮದೇ ತಪ್ಪು, ಪುಸ್ತಕ ಓದಬೇಕಿತ್ತು, ವಾರಂಟಿ ಇಲ್ಲ" ಎಂಬ ಉತ್ತರ ಬಂತು. ಓದಲು ಬರುವ ಭಾಷೆಯಲ್ಲಿ ಪುಸ್ತಕ ಕೊಡದವರು ಪುಸ್ತಕ ಓದಲಿಲ್ಲವೆಂದು ತಪ್ಪು ಹೊರಿಸುತ್ತಾರೆ. ಇದು ಎಲ್ಲಿಯ ನ್ಯಾಯ?

ಅಣ್ಣ ಮೆಷಿನನ್ನು ಜೀಪಿಗೆ ಹಾಕಿಕೊಂಡು ಪೇಟೆಯ ವರ್ಕ್‌ಶಾಪಿಗೆ ತಂದರು. ನಾನೂ ಜತೆಯಲ್ಲಿದ್ದೆ. ಮೆಕ್ಯಾನಿಕ್ ಹುಡುಗ ಸಿಲಿಂಡರ್ ಬಿಚ್ಚಿ ನೋಡಿ ಅರೆಭಾಷೆಯಲ್ಲಿ ಹೇಳಿದ ಮಾತಿನ ಕನ್ನಡ ಇಷ್ಟು: "ಅಣ್ಣಾ, ಇದರ ಪಿಸ್ಟನ್ ಮಂಗಳೂರಿನಲ್ಲೂ ಸಿಗುವುದಿಲ್ಲ. ನೀವು ಇಲ್ಲೇ ತೆಗೆದುಕೊಂಡಿದ್ದರೆ ಮೊದಲ ದಿನವೇ ಆಯಿಲ್ ಬೆರೆಸಿ, ಸ್ಟಾರ್ಟ್ ಮಾಡಿ, ಕೈಗೆ ಕೊಟ್ಟು ಕಳಿಸುತ್ತಿದ್ದೆ." ಎರಡು ಸಾವಿರ ಉಳಿಸಲು ಹೋಗಿ ಇಡೀ ಮೆಷಿನ್ ಗುಜರಿ ಪಾಲಾಯಿತು.

ಇದು ಒಬ್ಬ ಅಣ್ಣನ ಕಥೆಯಲ್ಲ. ಸುಳ್ಯ, ಪುತ್ತೂರು, ಕಡಬ ತಾಲೂಕುಗಳ ಮನೆಮನೆಯ ಕಥೆಯಾಗುತ್ತಿದೆ. ಆದ್ದರಿಂದ ಈ ಸಲದ ಸಂಪಾದಕೀಯ ಇದಕ್ಕೇ ಮೀಸಲು.

ನಮ್ಮ ಕಡೆಯ ಕೃಷಿ ಈಗ ಕೈಯಲ್ಲಿ ನಿಂತಿಲ್ಲ, ಎಂಜಿನಿನ ಮೇಲೆ ನಿಂತಿದೆ. ಮದ್ದು ಬಿಡುವ ಪಂಪು, ಹುಲ್ಲಿನ ಮೆಷಿನ್, ಮರ ಕೊಯ್ಯುವ ಚೈನ್‌ಸಾ, ಅಡಿಕೆ ಸುಲಿಯುವ ಯಂತ್ರ, ಹೊಳೆ ಬದಿಯ ಪಂಪ್‌ಸೆಟ್. ಇವುಗಳಲ್ಲಿ ಒಂದು ನಿಂತರೂ ತೋಟ ನಿಲ್ಲುತ್ತದೆ. ಕೊಳೆರೋಗವನ್ನೇ ನೋಡಿ. ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಮ್ಮೆ ಬೋರ್ಡೋ ಬಿಡಲೇಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನೇ ಸಲ ಬಿಡುವ ಹೊತ್ತಿಗೆ ಆಟಿಯ ಮಳೆ. ನಡುವೆ ಎರಡು ದಿನ ಬಿಸಿಲು ಬಂದರೆ ಅದೇ ಪುಣ್ಯ. ಆ ಎರಡು ದಿನದಲ್ಲಿ ಪಂಪಿನ ವಾಲ್ವ್ ಕೆಟ್ಟರೆ "ಏಳರಿಂದ ಹತ್ತು ಕೆಲಸದ ದಿನಗಳಲ್ಲಿ ನಮ್ಮ ಪ್ರತಿನಿಧಿ ಸಂಪರ್ಕಿಸುತ್ತಾರೆ" ಎಂಬ ಸಂದೇಶದಿಂದ ಏನು ಪ್ರಯೋಜನ? ಹತ್ತು ದಿನದಲ್ಲಿ ಕಾಯಿ ಕೊಳೆತು ಮರದ ಬುಡಕ್ಕೆ ಬಿದ್ದಿರುತ್ತದೆ! ಆಗ ಬೇಕಾಗುವವನು ಪೇಟೆಯ ಮೆಕ್ಯಾನಿಕ್. ರಾತ್ರಿ ಎಂಟಕ್ಕೆ ಕರೆದರೂ ಅಂಗಡಿ ತೆರೆದು ವಾಷರ್ ಹಾಕಿ ಕೊಡುವವನು ಅವನು. ದುಡ್ಡು ಅಡಿಕೆ ಕೊಟ್ಟ ಮೇಲೆ ಕೊಡಿ ಎನ್ನುವವನೂ ಅವನೇ. ಯಾವ ಸರಣಿ ಮಳಿಗೆಯಲ್ಲಿ ನಿಮ್ಮ ಹೆಸರಿನ ಕಡದ ಪುಸ್ತಕ ಇದೆ?

ಇನ್ನೊಂದು ಸಂಗತಿ. ಈಗ ಬಂಕಿನಲ್ಲಿ ಸಿಗುವುದು ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಳೆಗಾಲದ ತೇವ ಎಂತಹದೆಂದು ಹೇಳಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಆರು ತಿಂಗಳು ಮೂಲೆಗಿಟ್ಟರೆ ನೀರು ಬೇರೆಯಾಗಿ ಕಾರ್ಬೊರೇಟರ್ ಕಟ್ಟಿಕೊಳ್ಳುತ್ತದೆ, ಹಳೆಯ ಮಾದರಿಯ ರಬ್ಬರ್ ಪೈಪು ಹಾಳಾಗುತ್ತದೆ. ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು. ಈ ಒಂದು ಮಾತು ಗೊತ್ತಿದ್ದರೆ ವರ್ಷಕ್ಕೆ ಒಂದು ರಿಪೇರಿ ಉಳಿಯುತ್ತದೆ. ನನಗೆ ಇದನ್ನು ಹೇಳಿದ್ದು ಯಾವ ಕಂಪೆನಿಯ ಪುಸ್ತಕವೂ ಅಲ್ಲ, ಎಣ್ಣೆ ಕೈಯ ಅದೇ ಮೆಕ್ಯಾನಿಕ್ ಹುಡುಗ. ತನಗೆ ಬರುವ ರಿಪೇರಿ ತಪ್ಪಿದರೂ ಹೇಳಿದ!

ಈಗ ದೊಡ್ಡವರ ಕಡೆ ನೋಡೋಣ. 2003ರಲ್ಲಿ ಜರ್ಮನಿಯ ಮೆಟ್ರೋ ಕಂಪೆನಿ ಭಾರತದಲ್ಲಿ ತನ್ನ ಮೊದಲ ಸಗಟು ಮಳಿಗೆ ತೆರೆದದ್ದು ನಮ್ಮ ಬೆಂಗಳೂರಿನಲ್ಲೇ. 2023ರಲ್ಲಿ ಅದು ರಿಲಯನ್ಸ್ ಕೈ ಸೇರಿತು. 2012ರಲ್ಲಿ ಕೇಂದ್ರ ಸರ್ಕಾರ ಬಹುಬ್ರಾಂಡ್ ಚಿಲ್ಲರೆ ವ್ಯಾಪಾರಕ್ಕೆ 51 ಪರ್ಸೆಂಟ್ ವಿದೇಶಿ ಬಂಡವಾಳ ಒಪ್ಪಿದಾಗ ದೇಶದ ಅಂಗಡಿಯವರು ಬೀದಿಗಿಳಿದರು. ಆದರೆ ವಿದೇಶಿ ಕಂಪೆನಿಗಳು ಮುಂಬಾಗಿಲಿಗಿಂತ ಹೆಚ್ಚಾಗಿ ಮೊಬೈಲಿನ ಕಿಟಕಿಯಿಂದ ಒಳಗೆ ಬಂದವು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಬೆಂಗಳೂರಿನ ಫ್ಲಿಪ್‌ಕಾರ್ಟಿನ ಸುಮಾರು 77 ಪರ್ಸೆಂಟ್ ಪಾಲನ್ನು 1,600 ಕೋಟಿ ಡಾಲರಿಗೆ ಕೊಂಡಿತು. 2020ರ ಜನವರಿಯಲ್ಲಿ ಸ್ಪರ್ಧಾ ಆಯೋಗ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡರ ಮೇಲೂ ತನಿಖೆಗೆ ಆದೇಶಿಸಿತು. ಕೆಲವೇ ಮಾರಾಟಗಾರರಿಗೆ ಒಲವು ತೋರಿಸಿ, ಭಾರೀ ರಿಯಾಯಿತಿ ಕೊಟ್ಟು, ಸಣ್ಣವರನ್ನು ಹೊರಗಿಡುತ್ತಾರೆ ಎಂಬುದು ದೂರು. ತನಿಖೆಯೇ ಬೇಡವೆಂದು ಕಂಪೆನಿಗಳು ಕರ್ನಾಟಕ ಹೈಕೋರ್ಟಿಗೆ ಹೋದವು. 2021ರಲ್ಲಿ ಹೈಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು. ಗುತ್ತಿಗಾರಿನ ಹಾರ್ಡ್‌ವೇರ್ ಅಂಗಡಿಯವನಿಗೆ ಎದುರಾಗಿ ನಿಂತಿರುವವರು ಯಾರೆಂದು ಇದರಿಂದ ತಿಳಿಯಿರಿ.

ದೊಡ್ಡ ಮಳಿಗೆ ಬಂದಲ್ಲೆಲ್ಲ ಸಣ್ಣವರು ಸಾಯಲೇಬೇಕೆಂದು ವಿಧಿ ಬರೆದಿಲ್ಲ. ಚೈನ್‌ಸಾ ಮಾಡುವ ಜರ್ಮನಿಯ ಸ್ಟಿಲ್ ಕಂಪೆನಿ ಅಮೆರಿಕದಲ್ಲಿ ಹೋಮ್ ಡಿಪೋ, ಲೋವ್ಸ್‌ನಂತಹ ದೈತ್ಯ ಮಳಿಗೆಗಳಿಗೆ ಮಾಲು ಕೊಡದೆ, ರಿಪೇರಿ ಬಲ್ಲ ಸಣ್ಣ ಡೀಲರುಗಳ ಮೂಲಕ ಮಾರಿತು. ಅಲ್ಲಿ ಸಿಗುವುದಿಲ್ಲ ಎಂಬುದನ್ನೇ ಜಾಹೀರಾತು ಮಾಡಿತು. ಅದೇ ದೇಶದ ಕೊಲರಾಡೋ ರಾಜ್ಯ 2023ರಲ್ಲಿ ಕಾನೂನು ಮಾಡಿ, ಕೃಷಿ ಯಂತ್ರಗಳ ಬಿಡಿಭಾಗ, ಕೈಪಿಡಿ, ಉಪಕರಣಗಳನ್ನು ರೈತನಿಗೂ ಹೊರಗಿನ ಮೆಕ್ಯಾನಿಕ್‌ಗೂ ಕಂಪೆನಿ ಕೊಡಲೇಬೇಕೆಂದಿತು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿ, ಕೃಷಿ ಉಪಕರಣಗಳನ್ನು ಅದರ ಮೊದಲ ಪಟ್ಟಿಗೆ ಸೇರಿಸಿತು. ಪಟ್ಟಿಯಿಂದ ಪಿಸ್ಟನ್ ಸಿಗುವುದಿಲ್ಲ, ಕಾನೂನು ಬೇಕು.

ಇನ್ನು ಭಾಷೆಯ ವಿಷಯ. ಪೊಟ್ಟಣದಲ್ಲಿ ಮಾರುವ ಸಾಮಾನಿನ ಮೇಲೆ ಏನು ಬರೆದಿರಬೇಕೆಂದು ಹೇಳುವ ಕೇಂದ್ರದ 2011ರ ನಿಯಮ, ವಿವರಗಳು ದೇವನಾಗರಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು ಎನ್ನುತ್ತದೆ. ಬೇರೆ ಭಾಷೆ ಬೇಕಿದ್ದರೆ ಹೆಚ್ಚುವರಿಯಾಗಿ ಹಾಕಿಕೊಳ್ಳಬಹುದಂತೆ! ಕನ್ನಡ ಇವರಿಗೆ ಊಟದ ಎಲೆಯ ಉಪ್ಪಿನಕಾಯಿ. ಆದರೆ ಮದ್ದಿನ ಡಬ್ಬಿಯ ವಿಷಯದಲ್ಲಿ ಇದೇ ಕೇಂದ್ರದ 1971ರ ಕೀಟನಾಶಕ ನಿಯಮ ಬೇರೆ ಮಾತು ಹೇಳುತ್ತದೆ. ಮಾಲು ಮಾರಾಟವಾಗುವ ಪ್ರದೇಶದ ಭಾಷೆಯಲ್ಲೂ ಕರಪತ್ರ ಇರಬೇಕು ಎಂದು ಅಲ್ಲಿದೆ. ಕುಡಿದರೆ ಸಾಯುವ ಮದ್ದಿಗೆ ಕನ್ನಡ ಬೇಕಾದರೆ, ಬೆರಳು ಕತ್ತರಿಸುವ ಚೈನ್‌ಸಾಗೆ ಕನ್ನಡ ಏಕೆ ಬೇಡ? ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಮೇಲೆ ಕನ್ನಡ ಇರಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ಹೊರರಾಜ್ಯದಿಂದ, ಚೀನಾದಿಂದ ಬರುವ ಯಂತ್ರದ ಗತಿ? ಆ ಬಾಗಿಲು ತೆರೆದೇ ಇದೆ.

ನಮ್ಮ ಪೇಟೆಯಲ್ಲಿ ಅರೆಭಾಷೆ, ತುಳು, ಹವ್ಯಕ, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಕೇಳುತ್ತವೆ. ಅಂಗಡಿಯವನು ಗಿರಾಕಿಯ ಮನೆಮಾತಿನಲ್ಲೇ ಮಾತಾಡುತ್ತಾನೆ, ಲೆಕ್ಕವನ್ನು ಕನ್ನಡದಲ್ಲಿ ಬರೆಯುತ್ತಾನೆ. ಇದಕ್ಕಿಂತ ದೊಡ್ಡ ಭಾಷಾ ನೀತಿ ಯಾವ ಸರ್ಕಾರ ಮಾಡಿದೆ? ಉದ್ಯೋಗದ ಮಾತೂ ಹಾಗೆಯೇ. ಸರೋಜಿನಿ ಮಹಿಷಿ ವರದಿ 1986ರಿಂದ ಧೂಳು ತಿನ್ನುತ್ತಿದೆ. 2024ರ ಜುಲೈಯಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಗದರಿದ ಕೂಡಲೇ ತಡೆಹಿಡಿಯಿತು. ನಮ್ಮ ವರ್ಕ್‌ಶಾಪುಗಳು ಯಾವ ಮಸೂದೆಯನ್ನೂ ಕಾಯದೆ ಊರಿನ ಐಟಿಐ ಹುಡುಗರಿಗೆ ಕೆಲಸ ಕೊಡುತ್ತಿವೆ. ಸಣ್ಣ ವರ್ಕ್‌ಶಾಪೆಂದು ಹಗುರ ಮಾಡಬೇಡಿ. ಸುಳ್ಯದಲ್ಲಿ ವರ್ಕ್‌ಶಾಪ್ ನಡೆಸುತ್ತಿದ್ದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಸೇತುವೆಗಳು ಹೊರರಾಜ್ಯಗಳವರೆಗೆ ಹೋದವು, 2017ರಲ್ಲಿ ಪದ್ಮಶ್ರೀ ಬಂತು. ಅದೂ ಶುರುವಾದದ್ದು ನಟ್ಟು ಬೋಲ್ಟಿನ ನಡುವೆಯೇ.

ಇಷ್ಟು ಹೇಳಿ ನಮ್ಮವರ ತಪ್ಪು ಮುಚ್ಚಿಟ್ಟರೆ ಅದು ಪತ್ರಿಕೆಯಲ್ಲ, ತುತ್ತೂರಿ. ನಮ್ಮ ಅಂಗಡಿಗಳಲ್ಲಿ ಡುಪ್ಲಿಕೇಟ್ ಪ್ಲಗ್ಗನ್ನು ಅಸಲಿ ಬೆಲೆಗೆ ಮಾರುವವರಿಲ್ಲವೇ? ಬಿಲ್ ಕೇಳಿದರೆ ಮುಖ ಸಿಂಡರಿಸುವವರಿಲ್ಲವೇ? "ನಾಳೆ ಬನ್ನಿ" ಎಂದು ಮೆಷಿನನ್ನು ತಿಂಗಳುಗಟ್ಟಲೆ ಮೂಲೆಯಲ್ಲಿ ಇಡುವವರಿಲ್ಲವೇ? ಇದ್ದಾರೆ. ಬೇಸತ್ತ ಗಿರಾಕಿ ಮೊಬೈಲಿಗೆ ಕೈ ಹಾಕಿದರೆ ಅವನೊಬ್ಬನನ್ನೇ ದೂರುವುದು ತಪ್ಪು.

ನನ್ನ ತಪ್ಪನ್ನೂ ಹೇಳುತ್ತೇನೆ. ನಾನು ಪ್ರೆಸ್ಸಿನವ. ಈ ಪೇಟೆಯ ಬಿಲ್ ಪುಸ್ತಕಗಳನ್ನು ಅಚ್ಚು ಹಾಕಿ ಹೊಟ್ಟೆ ಹೊರೆದವ. ಹಾರ್ಡ್‌ವೇರ್ ಅಂಗಡಿಯವರು ಬಂದು "ಇಂಗ್ಲಿಷಿನಲ್ಲೇ ಇರಲಿ, ಗತ್ತು ಕಾಣುತ್ತದೆ" ಎಂದಾಗ ತುಟಿ ಬಿಚ್ಚದೆ ಇಂಗ್ಲಿಷಿನಲ್ಲೇ ಅಚ್ಚು ಹಾಕಿ ಕೊಟ್ಟೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಕಂಪ್ಯೂಟರ್ ಬಿಲ್ಲು ಬಂತು, ನನ್ನ ಬಿಲ್ ಪುಸ್ತಕದ ಕೆಲಸ ಅರ್ಧಕ್ಕಿಳಿಯಿತು. ಮದುವೆ ಕಾಗದವನ್ನೂ ಈಗ ಜನ ಮೊಬೈಲಿನಲ್ಲೇ ಆರ್ಡರ್ ಮಾಡುತ್ತಾರೆ. ನನ್ನ ಹೊಟ್ಟೆಗೆ ಬಿದ್ದಾಗ ನನಗೆ ಬುದ್ಧಿ ಬಂತು. ಅಂಗಡಿಯವರೇ, ನಿಮ್ಮ ಹೊಟ್ಟೆಗೆ ಬೀಳುವವರೆಗೆ ಕಾಯಬೇಡಿ. ನಾವು ಅವರಿಗಿಂತ ಬೇರೆಯವರೆಂದು ಗಿರಾಕಿಗೆ ತೋರಿಸಲು ನಮ್ಮ ಕೈಯಲ್ಲಿರುವುದು ಎರಡೇ: ನಮ್ಮ ಕೆಲಸ, ನಮ್ಮ ಭಾಷೆ. ಎರಡನ್ನೂ ಕೆಡಿಸಿದರೆ ಎರಡು ಸಾವಿರ ಹೆಚ್ಚು ಕೊಟ್ಟು ನಿಮ್ಮಲ್ಲಿಗೆ ಯಾರು ಬರುತ್ತಾರೆ?

ಆದ್ದರಿಂದ ನಮ್ಮ ಬೇಡಿಕೆಗಳು ಇವು.

ಒಂದು, ಕರ್ನಾಟಕದಲ್ಲಿ ಮಾರುವ ಪ್ರತಿಯೊಂದು ಕೃಷಿ ಯಂತ್ರದ ಜತೆ, ಅದು ಎಲ್ಲೇ ತಯಾರಾಗಿರಲಿ, ಕನ್ನಡ ಕೈಪಿಡಿ ಕಡ್ಡಾಯವಾಗಲಿ. ಇದಕ್ಕೆ ಬೇಕಾದ ತಿದ್ದುಪಡಿಗೆ ನಮ್ಮ ಸಂಸದರು ದೆಹಲಿಯಲ್ಲಿ ಬಾಯಿ ಬಿಡಲಿ.

ಎರಡು, ಯಂತ್ರ ಮಾರುವ ಕಂಪೆನಿ ಬಿಡಿಭಾಗಗಳನ್ನು ಊರಿನ ಮೆಕ್ಯಾನಿಕ್‌ಗೂ ನ್ಯಾಯದ ಬೆಲೆಗೆ ಕೊಡುವ ಕಾನೂನಾಗಲಿ.

ಮೂರು, ಕಂಪೆನಿಗಳ ಫೋನಿನಲ್ಲಿ ಕನ್ನಡಕ್ಕೊಂದು ನಂಬರ್ ಇರಲಿ.

ನಾಲ್ಕು, ಕೃಷಿ ಇಲಾಖೆ ಸಬ್ಸಿಡಿ ಕೊಡುವಾಗ ತಾಲೂಕಿನಲ್ಲೇ ರಿಪೇರಿ ಇರುವ ಯಂತ್ರಕ್ಕೆ ಮೊದಲ ಮಣೆ ಹಾಕಲಿ.

ಗಿರಾಕಿಗಳಿಗೂ ಒಂದು ಮಾತು. ಆನ್‌ಲೈನಿನಲ್ಲಿ ಮೋಸವಾದರೆ ಸುಮ್ಮನೆ ಕೂರಬೇಡಿ. 2020ರ ಇ-ವಾಣಿಜ್ಯ ನಿಯಮದಂತೆ ನಿಮ್ಮ ದೂರು ತಲುಪಿದೆಯೆಂದು ಕಂಪೆನಿ 48 ಗಂಟೆಯಲ್ಲಿ ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ಕೊನೆಗೆ ನನ್ನ ಪಾಲಿನ ಕೆಲಸ. ನಮ್ಮ ಪೇಟೆಯ ಮೆಕ್ಯಾನಿಕ್‌ಗಳು ಬಾಯಲ್ಲಿ ಹೇಳಲಿ, ನಾನು ಬರೆದು ಅಚ್ಚು ಹಾಕುತ್ತೇನೆ. ಯಾವ ಮೆಷಿನಿಗೆ ಒಂದು ಲೀಟರಿಗೆ 20 ಮಿಲಿ ಆಯಿಲ್, ಯಾವುದಕ್ಕೆ 40, ಯಾವುದಕ್ಕೆ ಬೆರೆಸಲೇಬಾರದು, ಮಳೆಗಾಲ ಮುಗಿದ ಮೇಲೆ ಹೇಗೆ ಇಡಬೇಕು, ಎಲ್ಲವೂ ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ. ಕಾಗದದ ಖರ್ಚು ಮಾತ್ರ ಸಾಕು, ಅಚ್ಚಿನ ಕೂಲಿ ಬೇಡ. ಕನ್ನಡದಲ್ಲಿ ಬಿಲ್ ಪುಸ್ತಕ ಮಾಡಿಸುವ ಅಂಗಡಿಗೂ ಇದೇ ಲೆಕ್ಕ. ಮುಂದಿನ ಬೋರ್ಡೋ ಬಿಡುವ ಮೊದಲು ಆ ಹಾಳೆ ಪ್ರತಿ ಅಂಗಡಿಯ ಗೋಡೆಯಲ್ಲಿ, ಪ್ರತಿ ತೋಟದ ಮನೆಯ ಜಗಲಿಯಲ್ಲಿ ಅಂಟಿರಬೇಕು.

ಕೋಟಿ ಕೋಟಿ ಬಂಡವಾಳದವರಿಗೆ ಕನ್ನಡದ ಒಂದು ಹಾಳೆ ಅಚ್ಚು ಹಾಕಲು ಆಗಲಿಲ್ಲ. ಗುತ್ತಿಗಾರಿನ ಒಂದು ಸಣ್ಣ ಪ್ರೆಸ್ಸಿಗೆ ಆಗುತ್ತದೆ. ಬನ್ನಿ, ಮಾಡಿ ತೋರಿಸೋಣ!