ಬಂದವರು ಬೇಗ ಹೋಗಲಿ

ಹೋದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಊರಿನ ಒಂದು ಎಣ್ಣೆ ಗಾಣಕ್ಕೆ ವೆಬ್‌ಸೈಟ್ ಮಾಡಿಕೊಟ್ಟೆವು. ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿರೋ ಸಣ್ಣ ಅಂಗಡಿ. ಮುಂದೆ ಮಾರಾಟ, ಹಿಂದೆ ಗಾಣ. ಕೊಬ್ಬರಿ, ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು ಎಣ್ಣೆ ಸಿಗುತ್ತೆ. ಸುತ್ತಲಿನ ಹಳ್ಳಿಯವರು ತಮ್ಮದೇ ಕೊಬ್ಬರಿ, ಕಡಲೆಬೀಜ ತಂದು ಎಣ್ಣೆ ಆಡಿಸಿಕೊಂಡೂ ಹೋಗುತ್ತಾರೆ.

ನಮ್ಮ ಸೈಟ್ ಹೇಗಿತ್ತು ಅಂದ್ರೆ, ತೆರೆದ ಕೂಡಲೇ ಎಣ್ಣೆ ಹನಿ ತೊಟ್ಟಿಕ್ಕೋ ಲೋಡರ್. ಆಮೇಲೆ ಪರದೆ ತುಂಬಾ ಗಾಣ ತಿರುಗೋ ವಿಡಿಯೊ. ಅದರ ಕೆಳಗೆ ತಾನಾಗೇ ಜಾರುವ ಐದು ದೊಡ್ಡ ಫೋಟೊ. ಮೂಲೆಯಲ್ಲಿ ಚಾಟ್‌ಬಾಟ್. ವೈವಾದಲ್ಲಿ ಪ್ರೊಜೆಕ್ಟರ್ ಮೇಲೆ ತೋರಿಸಿದಾಗ ಎಲ್ಲರೂ ತಲೆದೂಗಿದರು. ಮಾರ್ಕ್ಸ್ ಬಂತು, ರೆಸ್ಯೂಮೆಗೆ ಒಂದು ಸಾಲೂ ಸಿಕ್ಕಿತು.

ಮೂರು ವಾರ ಕಳೆದು ಅಂಗಡಿ ಕಡೆ ಹೋದಾಗ ಯಜಮಾನರು ಟೀ ತರಿಸಿಕೊಟ್ಟು ಒಂದು ವಿಷಯ ಹೇಳಿದರು. ಆ ಅಂಗಡಿಗೆ ಪ್ರತಿ ಅಮಾವಾಸ್ಯೆ ರಜ. ಆದರೆ ಅಮಾವಾಸ್ಯೆ ದಿನವೇ ಹಳ್ಳಿಯಿಂದ ಒಬ್ಬರು ವಯಸ್ಸಾದವರು ಕಡಲೆಬೀಜದ ಮೂಟೆ ಬಸ್ಸಿಗೆ ಹಾಕಿಕೊಂಡು ಬಂದಿದ್ದರಂತೆ. ಬಾಗಿಲು ಮುಚ್ಚಿದೆ. ಮಗ ಮೊಬೈಲ್‌ನಲ್ಲಿ ನೋಡಿ "ವಾರದ ಏಳೂ ದಿನ ತೆಗೆದಿರ್ತಾರೆ, ಹೋಗಪ್ಪ" ಅಂದಿದ್ದನಂತೆ. ಅವನು ನೋಡಿದ್ದು ನಮ್ಮ ಸೈಟನ್ನೇ. ಪುಟದ ತಳದಲ್ಲಿ 'ಓಪನ್ ಸೆವೆನ್ ಡೇಸ್' ಅನ್ನೋ ಸಾಲು ಟೆಂಪ್ಲೇಟ್‌ನಲ್ಲೇ ಬಂದಿತ್ತು. ನಾವು ಅಳಿಸಿರಲಿಲ್ಲ, ಓದಿಯೂ ಇರಲಿಲ್ಲ.

"ನಿಮ್ ಮೇಲೆ ಸಿಟ್ಟಿಲ್ಲ ಕಣ್ರಪ್ಪಾ," ಅಂದರು ಯಜಮಾನರು. "ಆದ್ರೆ ಆ ಮನುಷ್ಯ ಮೂಟೆ ವಾಪಸ್ ತಗೊಂಡು ಹೋದ. ನಮ್ ಬೋರ್ಡ್ ಯಾವತ್ತೂ ಹಂಗೆ ಸುಳ್ಳು ಹೇಳಿರ್ಲಿಲ್ಲ."

ಬೋರ್ಡ್ ಅಂದರೆ ಅಂಗಡಿ ಬಾಗಿಲಿಗೆ ಒರಗಿಸಿಟ್ಟ ಕಪ್ಪು ಹಲಗೆ. ಚಾಕ್‌ಪೀಸ್‌ನಲ್ಲಿ ಇವತ್ತಿನ ರೇಟು, ಅಂಗಡಿ ಸಮಯ, 'ನಾಳೆ ರಜ', ಒಂದು ಫೋನ್ ನಂಬರ್. ಅಷ್ಟೇ. ಎರಡು ತಿಂಗಳು ಆ ಹಲಗೆ ಪಕ್ಕದಲ್ಲೇ ಓಡಾಡಿ ನಾವು ವಿಡಿಯೊ ತೆಗೆದಿದ್ದೆವು. ಆ ವಿಡಿಯೊದಲ್ಲಿ ಹಲಗೆ ಅಡ್ಡ ಬರುತ್ತೆ ಅಂತ ಪಕ್ಕಕ್ಕೆ ಸರಿಸಿಯೂ ಇದ್ದೆವು!

ಇದನ್ನು ಬರೆಯೋಕೆ ಕಾರಣ ತಪ್ಪೊಪ್ಪಿಗೆ ಮಾತ್ರ ಅಲ್ಲ. ನಮ್ಮ ಕ್ಯಾಂಪಸ್‌ನಲ್ಲಿ ಪ್ರತಿ ಬ್ಯಾಚ್‌ನಲ್ಲೂ ಹತ್ತಾರು ತಂಡಗಳು ಬೇಕರಿಗೆ, ಜಿಮ್‌ಗೆ, ಹೋಮ್‌ಸ್ಟೇಗೆ, ಮಾವನ ಹಾರ್ಡ್‌ವೇರ್ ಅಂಗಡಿಗೆ ಸೈಟ್ ಮಾಡುತ್ತವೆ. ಬಹುತೇಕ ಎಲ್ಲರೂ ನಮ್ಮ ತಪ್ಪನ್ನೇ ಮಾಡುತ್ತಿದ್ದೇವೆ ಅನ್ನೋದು ನಮ್ಮ ಅಭಿಪ್ರಾಯ. ಸೈಟ್ ಮಾಡೋದು ಪರೀಕ್ಷಕರಿಗೆ, ಬಳಸೋದು ಗಿರಾಕಿ. ಪರೀಕ್ಷಕರು ನೋಡೋದು ಐದು ನಿಮಿಷ, ಪ್ರೊಜೆಕ್ಟರ್ ಮೇಲೆ, ನಮ್ಮ ಲ್ಯಾಪ್‌ಟಾಪ್‌ನಲ್ಲಿ. ಗಿರಾಕಿ ನೋಡೋದು ಬಿಸಿಲಲ್ಲಿ ನಿಂತು, ಒಂದು ಕೈಯಲ್ಲಿ ಚೀಲ ಹಿಡಿದು, ಗೀರು ಬಿದ್ದ ಮೊಬೈಲ್‌ನಲ್ಲಿ. ಅವರಿಗೆ ಬೇಕಾದ್ದು ಒಂದು ಉತ್ತರ. ಅದು ಸಿಕ್ಕಿದರೆ ಹೊರಟರು. ಆದ್ದರಿಂದ ವ್ಯಾಪಾರದ ಸೈಟನ್ನು ಅಳೆಯಬೇಕಾದದ್ದು ಜನ ಎಷ್ಟು ಹೊತ್ತು ಇದ್ದರು ಅಂತಲ್ಲ, ಬಂದ ಕೆಲಸ ಮುಗಿಸಿ ಎಷ್ಟು ಬೇಗ ಹೋದರು ಅಂತ.

ಮೊದಲು ವೇಗದ ಮಾತು. ಬಳಕೆದಾರರ ಅನುಭವದ ಬಗ್ಗೆ ಕೆಲಸ ಮಾಡಿದ ಯಾಕೋಬ್ ನೀಲ್ಸನ್ 1993ರಲ್ಲೇ ಮೂರು ಮಿತಿ ಬರೆದಿಟ್ಟಿದ್ದಾರೆ. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣ ಆಯ್ತು ಅನ್ನಿಸುತ್ತೆ. 1 ಸೆಕೆಂಡ್ ತನಕ ಯೋಚನೆಯ ಎಳೆ ಕಡಿಯೋದಿಲ್ಲ. 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗಿಬಿಡುತ್ತೆ. ಗೂಗಲ್‌ನ ಕೋರ್ ವೆಬ್ ವೈಟಲ್ಸ್ ಪ್ರಕಾರ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ ಬಟನ್‌ಗೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು.

ನಮ್ಮ ಮುಖಪುಟ 9 ಎಂಬಿ ಇತ್ತು. ಲೆಕ್ಕ ಸುಲಭ: 9 ಎಂಬಿ ಅಂದರೆ 72 ಮೆಗಾಬಿಟ್. ಹಳ್ಳಿ ಕಡೆ ಸಿಗ್ನಲ್ ಕ್ಷೀಣಿಸಿ 2 ಎಂಬಿಪಿಎಸ್‌ಗೆ ಇಳಿದರೆ 36 ಸೆಕೆಂಡ್! ಕ್ಯಾಂಪಸ್ ವೈಫೈಯಲ್ಲಿ ಇದು ಗೊತ್ತೇ ಆಗಲ್ಲ. ಅದರಲ್ಲೂ ನಾವು ಟೆಸ್ಟ್ ಮಾಡಿದ್ದು ಲೋಕಲ್‌ಹೋಸ್ಟ್‌ನಲ್ಲಿ. ಸ್ವಂತ ಅಡುಗೆಮನೆಯಲ್ಲಿ ಕೂತು ಹೋಟೆಲ್ ಸರ್ವಿಸ್ ಫಾಸ್ಟ್ ಅಂದ ಹಾಗೆ. ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿ ನೋಡೋ ಸೌಲಭ್ಯ ಇದೆ. ಒಂದೇ ಕ್ಲಿಕ್. ನಾವು ಯಾರೂ ಒತ್ತಿರಲಿಲ್ಲ.

ಆ 9 ಎಂಬಿಯಲ್ಲಿ ವಿಡಿಯೊ ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಮ್ಮಿ ಫೋಟೊಗಳೇ. ಮೊಬೈಲ್‌ನಲ್ಲಿ ತೆಗೆದ 4000 ಪಿಕ್ಸೆಲ್ ಅಗಲದ ಫೋಟೊವನ್ನು ಹಾಗೇ ಹಾಕಿ ಸಿಎಸ್‌ಎಸ್‌ನಲ್ಲಿ ಚಿಕ್ಕದು ಮಾಡಿದ್ದೆವು. ಕಣ್ಣಿಗೆ ಚಿಕ್ಕದು ಕಂಡರೂ ಗಿರಾಕಿಯ ಡೇಟಾ ಪೂರ್ತಿ ಖರ್ಚಾಗುತ್ತೆ. 1080 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಫಾರ್ಮ್ಯಾಟ್‌ಗೆ ಬದಲಿಸಿದ್ದರೆ ಫೋನಿನಲ್ಲಿ ವ್ಯತ್ಯಾಸವೇ ಗೊತ್ತಾಗ್ತಿರಲಿಲ್ಲ.

ಎರಡನೆಯದು ಫಾರ್ಮ್. ನಮ್ಮ ಆರ್ಡರ್ ಫಾರ್ಮ್‌ನಲ್ಲಿ ಹನ್ನೊಂದು ಖಾನೆ ಇದ್ದವು. ಅದಕ್ಕೂ ಮೊದಲು ಅಕೌಂಟ್ ತೆಗೆದು ಪಾಸ್‌ವರ್ಡ್ ಇಡಬೇಕು. ಒಂದು ಲೀಟರ್ ಎಳ್ಳೆಣ್ಣೆಗೆ ಪಾಸ್‌ವರ್ಡ್ ಯಾಕೆ? ಡಿಬಿಎಂಎಸ್ ಲ್ಯಾಬ್‌ನಲ್ಲಿ ಕಲಿತ ಯೂಸರ್ ಟೇಬಲ್ ತೋರಿಸಬೇಕಿತ್ತು, ಅದಕ್ಕೆ. ಇನ್ನೂ ತಮಾಷೆ ಅಂದರೆ 'ಲಾಸ್ಟ್ ನೇಮ್' ಕಡ್ಡಾಯ, ಅದೂ ಕನಿಷ್ಠ ಎರಡು ಅಕ್ಷರ ಇರಬೇಕು. ನಮ್ಮ ಕಡೆ ಎಷ್ಟು ಜನಕ್ಕೆ ಲಾಸ್ಟ್ ನೇಮ್ ಇದೆ? ಹೆಸರಿನ ಹಿಂದೆ ಊರಿನದೋ ಅಪ್ಪನದೋ ಒಂದು ಇನಿಷಿಯಲ್, ಮುಗೀತು. ನಮ್ಮ ತಂಡದ ನಾಲ್ವರಲ್ಲೇ ಇಬ್ಬರಿಗೆ ಸರ್‌ನೇಮ್ ಇಲ್ಲ. ಪಾಸ್‌ಪೋರ್ಟ್ ಅರ್ಜಿಯಿಂದ ಹಿಡಿದು ಎಲ್ಲಾ ಕಡೆ ಆ ಖಾನೆ ನೋಡಿ ಗೊಣಗುವ ನಾವೇ ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿದ್ದೆವು.

ಪ್ರತಿ ಖಾನೆಗೂ ಒಂದೇ ಪ್ರಶ್ನೆ ಕೇಳಿ: ಇದು ಇಲ್ಲದಿದ್ದರೆ ಅಂಗಡಿಯವರ ಕೆಲಸ ನಿಲ್ಲುತ್ತಾ? ಹೆಸರು, ಫೋನ್, ಯಾವ ಎಣ್ಣೆ ಎಷ್ಟು, ಎಲ್ಲಿಗೆ ಕಳಿಸಬೇಕು. ನಾಲ್ಕು ಸಾಕು. ಫೋನ್ ನಂಬರಿನ ಖಾನೆಗೆ ಇನ್‌ಪುಟ್ ಟೈಪ್ 'ಟೆಲ್' ಕೊಟ್ಟರೆ ಮೊಬೈಲ್‌ನಲ್ಲಿ ನೇರ ಅಂಕಿಗಳ ಕೀಬೋರ್ಡ್ ಬರುತ್ತೆ. ಒಂದು ಪದದ ಬದಲಾವಣೆ, ಆದರೆ ಕನ್ನಡಕ ಹುಡುಕಾಡೋ ಅಜ್ಜಿಗೆ ದೊಡ್ಡ ಉಪಕಾರ. ಇನ್ನು ತಪ್ಪು ತುಂಬಿದಾಗ 'ಇನ್‌ವ್ಯಾಲಿಡ್ ಇನ್‌ಪುಟ್' ಅಂತ ಕೆಂಪಕ್ಷರದಲ್ಲಿ ಗದರಿಸಿ ತುಂಬಿದ್ದನ್ನೆಲ್ಲ ಅಳಿಸೋ ಫಾರ್ಮ್ ಇದೆಯಲ್ಲ, ಅಂಥದ್ದು ಸರ್ಕಾರಿ ಕೌಂಟರ್‌ನಲ್ಲಿ ಎದುರಾದರೆ ನಾವು ಜಗಳ ಆಡ್ತೀವಿ. 'ಫೋನ್ ನಂಬರಿನಲ್ಲಿ ಹತ್ತು ಅಂಕಿ ಇರಬೇಕು, ಒಂಬತ್ತೇ ಇದೆ' ಅಂದರೆ ಸಾಕಲ್ಲ?

ಮೂರನೆಯದು ಭಾಷೆ. ಕನ್ನಡ ಸಂಘದ ಪತ್ರಿಕೆ ಅಂತ ಬಲವಂತವಾಗಿ ತುರುಕುತ್ತಿರೋ ಮಾತಲ್ಲ ಇದು. ಅಂಗಡಿಯ ಹಲಗೆ ಕನ್ನಡದಲ್ಲಿತ್ತು, ಯಾಕಂದ್ರೆ ಗಿರಾಕಿಗಳು ಕನ್ನಡ ಓದುತ್ತಾರೆ. ಸೈಟ್ ಇಂಗ್ಲಿಷ್‌ನಲ್ಲಿತ್ತು, ಯಾಕಂದ್ರೆ ಟೆಂಪ್ಲೇಟ್ ಇಂಗ್ಲಿಷ್‌ನಲ್ಲಿತ್ತು. ಬೇರೆ ಕಾರಣವೇ ಇಲ್ಲ. ಹಾಗಂತ ಕನ್ನಡ ಹಾಕೋದು ಅಂದರೆ ಯಂತ್ರದಿಂದ ಅನುವಾದಿಸಿ ಅಂಟಿಸೋದೂ ಅಲ್ಲ. 'ಸಲ್ಲಿಸು' ಅಂತ ಬಟನ್ ಮೇಲಿದ್ದರೆ ಅರ್ಜಿ ಹಾಕಿದ ಹಾಗಿರುತ್ತೆ. 'ಆರ್ಡರ್ ಮಾಡಿ', 'ಫೋನ್ ಮಾಡಿ', 'ದಾರಿ ನೋಡಿ' ಅಂದರೆ ಯಾರಿಗೂ ಯೋಚನೆಯೇ ಬೇಕಿಲ್ಲ. ಸ್ಟೀವ್ ಕ್ರುಗ್ 2000ದಲ್ಲಿ ಈ ವಿಷಯದ ಬಗ್ಗೆ ಬರೆದ ಪ್ರಸಿದ್ಧ ಪುಸ್ತಕದ ಹೆಸರೇ 'ಡೋಂಟ್ ಮೇಕ್ ಮಿ ಥಿಂಕ್'.

ಕನ್ನಡಕ್ಕೆ ಬೇಕಾದ ತಾಂತ್ರಿಕ ಎಚ್ಚರವೂ ಇದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯೋದರಿಂದ ಇಂಗ್ಲಿಷ್‌ಗೆ ಇಟ್ಟ ಲೈನ್‌ಹೈಟ್ ನಮಗೆ ಸಾಲಲ್ಲ, ಸ್ವಲ್ಪ ಹೆಚ್ಚು ಕೊಡಬೇಕು. ಪುಟದ ಲ್ಯಾಂಗ್ ಗುಣಕ್ಕೆ 'ಕೆಎನ್' ಅಂತ ಹಾಕದಿದ್ದರೆ ಕಣ್ಣು ಕಾಣದವರು ಬಳಸುವ ಸ್ಕ್ರೀನ್‌ರೀಡರ್‌ಗೆ ಇದು ಕನ್ನಡ ಅನ್ನೋ ಸುಳಿವೇ ಸಿಗಲ್ಲ. ರೇಟ್ ಪಟ್ಟಿಯನ್ನು ಡಿಟಿಪಿ ಅಂಗಡಿಯಲ್ಲಿ ಮಾಡಿಸಿ ಚಿತ್ರವಾಗಿ ಹಾಕಿದರೆ ಅದರಲ್ಲಿನ ಅಕ್ಷರ ಸ್ಕ್ರೀನ್‌ರೀಡರ್‌ಗೂ ಸಿಗಲ್ಲ, ಕಾಪಿ ಮಾಡೋಕೂ ಬರಲ್ಲ. ಯೂನಿಕೋಡ್‌ನಲ್ಲಿ ಪಠ್ಯವಾಗಿಯೇ ಟೈಪ್ ಮಾಡಬೇಕು. ಬಣ್ಣದ ವಿಷಯಕ್ಕೂ ಅಳತೆ ಇದೆ: ಡಬ್ಲ್ಯುಸಿಎಜಿ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಇರಬೇಕು. ನಾವು ಬಿಳಿ ಮೇಲೆ ತಿಳಿ ಚಿನ್ನದ ಬಣ್ಣ ಹಾಕಿದ್ದೆವು, 'ಪ್ರೀಮಿಯಂ' ಕಾಣಲಿ ಅಂತ. ಬಿಸಿಲಲ್ಲಿ ಅಲ್ಲಿ ಏನೂ ಕಾಣ್ತಿರಲಿಲ್ಲ.

ಈಗ ಇದಕ್ಕೆ ಬರೋ ಆಕ್ಷೇಪಗಳು. ನಮ್ಮ ಕ್ಲಾಸ್‌ನಲ್ಲೇ ಒಬ್ಬ ಕೇಳಿದ: "ಮಗಾ, ಬರೀ ಟೇಬಲ್ ಮತ್ತೆ ಫೋನ್ ನಂಬರ್ ಹಾಕಿದ್ರೆ ಇಂಟರ್ವ್ಯೂನಲ್ಲಿ ಏನ್ ತೋರಿಸ್ತೀಯ?" ನ್ಯಾಯವಾದ ಪ್ರಶ್ನೆ. ಆದರೆ 9 ಎಂಬಿ ಪುಟವನ್ನು 400 ಕೆಬಿಗೆ ಇಳಿಸಿದ್ದು ಹೇಗೆ, ಹನ್ನೊಂದು ಖಾನೆಯನ್ನು ನಾಲ್ಕು ಮಾಡಿದ್ದು ಯಾಕೆ ಅಂತ ವಿವರಿಸೋದೂ ಎಂಜಿನಿಯರಿಂಗೇ. ಯಾವುದೋ ಲೈಬ್ರರಿಯ ಅನಿಮೇಷನ್ ತಂದು ಹಾಕಿದ್ದಕ್ಕಿಂತ ಅದರಲ್ಲಿ ನಮ್ಮ ಸ್ವಂತ ಕೆಲಸ ಹೆಚ್ಚಿದೆ.

ಇನ್ನೊಂದು ಆಕ್ಷೇಪ: "ಮಾಲೀಕರಿಗೇ ಜಗಮಗ ಬೇಕು." ಕೆಲವರಿಗೆ ಬೇಕು, ನಿಜ. ಎಲ್ಲಾ ವ್ಯಾಪಾರವೂ ಎಣ್ಣೆ ಗಾಣದ ಥರ ಅಲ್ಲ ಅನ್ನೋದೂ ನಿಜ. ಸೀರೆ ಅಂಗಡಿಗೆ, ಹೋಮ್‌ಸ್ಟೇಗೆ ದೊಡ್ಡ ಚೆಂದದ ಫೋಟೊ ಬೇಕೇ ಬೇಕು. ಅಲ್ಲಿ ಗಿರಾಕಿ ಬಂದಿರೋದೇ ನೋಡೋಕೆ. ಆದರೆ ಅಲ್ಲೂ ಬಾಡಿಗೆ ಎಷ್ಟು, ಯಾವ ದಿನ ಖಾಲಿ ಅನ್ನೋದನ್ನು ಬಚ್ಚಿಡಬೇಕಿಲ್ಲ. ಬಂದವರನ್ನು ಹೇಗಾದರೂ ಹಿಡಿದಿಡಬೇಕು ಅನ್ನೋ ಚಟ ಕೊನೆಗೆ ಮೋಸಕ್ಕೇ ಹೋಗಿ ನಿಲ್ಲುತ್ತೆ. ಕೊನೇ ಪುಟದಲ್ಲಿ ತಟ್ಟನೆ ಸೇರೋ ಚಾರ್ಜು, 'ಬೇಡ' ಅನ್ನೋಕೆ ಕಾಣದ ಬಟನ್, ಸುಳ್ಳು 'ಇನ್ನೆರಡೇ ಉಳಿದಿವೆ'. ಇವನ್ನೆಲ್ಲ ಡಾರ್ಕ್ ಪ್ಯಾಟರ್ನ್ ಅಂತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ಇಂಥ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಅಂದರೆ ಗಿರಾಕಿಯ ಸಮಯ ಕದಿಯೋದು ಬರೀ ಕೆಟ್ಟ ಡಿಸೈನ್ ಅಲ್ಲ, ಕೆಲವು ಕಡೆ ಕಾನೂನಿಗೂ ವಿರುದ್ಧ.

ನಾವು ಸೈಟನ್ನು ಎರಡು ದಿನ ಕೂತು ಮತ್ತೆ ಮಾಡಿದೆವು. ಲೋಡರ್, ವಿಡಿಯೊ, ಜಾರುವ ಚಿತ್ರ, ಚಾಟ್‌ಬಾಟ್, ಲಾಗಿನ್ ಎಲ್ಲಾ ಹೋಯ್ತು. ಈಗ ತೆರೆದರೆ ಮೊದಲು ಕಾಣೋದು 'ಇವತ್ತು ಅಂಗಡಿ ಇದೆ' ಅಥವಾ 'ಇವತ್ತು ರಜ'. ಅದರ ಕೆಳಗೆ ರೇಟು, ಅದನ್ನು ಯಾವತ್ತು ಬದಲಿಸಿದ್ದು ಅನ್ನೋ ತಾರೀಖು. ಆಮೇಲೆ ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡ ಫೋನ್ ಬಟನ್, ವಾಟ್ಸಾಪ್, ದಾರಿ. ಯಜಮಾನರ ಮಗಳು ಬೆಳಿಗ್ಗೆ ಹಲಗೆ ಮೇಲೆ ಬರೆದ ಮೇಲೆ ಮೊಬೈಲ್‌ನಿಂದಲೇ ಅದೇ ರೇಟನ್ನು ಸೈಟ್‌ಗೂ ಹಾಕುತ್ತಾಳೆ. ಇದು ನಮಗೆ ತಡವಾಗಿ ಹೊಳೆದ ವಿಷಯ: ನಾವು ಪಾಸಾಗಿ ಹೋದ ಮೇಲೆ ಯಾರೂ ಬದಲಿಸೋಕೆ ಬರದ ಸೈಟ್, ಮೊದಲ ದಿನ ಎಷ್ಟೇ ಸರಿ ಇದ್ದರೂ ಆರು ತಿಂಗಳಲ್ಲಿ ಸುಳ್ಳು ಹೇಳೋಕೆ ಶುರು ಮಾಡುತ್ತೆ.

ಇದರಿಂದ ವ್ಯಾಪಾರ ದುಪ್ಪಟ್ಟಾಯ್ತು ಅಂತೆಲ್ಲ ನಾವು ಹೇಳಲ್ಲ. "ರಜ ಇದೆಯಾ ಅಂತ ಕೇಳೋ ಫೋನ್ ಕಮ್ಮಿ ಆಗಿದೆ" ಅಂದರು ಯಜಮಾನರು. ನಮಗೆ ಅಷ್ಟು ಸಾಕು.

ಕೊನೆಗೆ ಒಂದು ಬೇಡಿಕೆ, ಮೇಷ್ಟ್ರುಗಳಿಗೂ ಗೆಳೆಯರಿಗೂ. ಪ್ರಾಜೆಕ್ಟ್ ರಿವ್ಯೂನಲ್ಲಿ ಪ್ರೊಜೆಕ್ಟರ್ ಆರಿಸಿ. ನಮ್ಮ ಬ್ರ್ಯಾಂಚಿಗೆ ಸಂಬಂಧವೇ ಇಲ್ಲದ ಒಬ್ಬರನ್ನು ಕರೆಯಿರಿ. ಕ್ಯಾಂಟೀನ್ ಅಣ್ಣ, ಲೈಬ್ರರಿ ಮೇಡಂ, ಗೇಟ್ ಹತ್ತಿರ ಕೂರೋ ಸೆಕ್ಯೂರಿಟಿ ಅಂಕಲ್, ಯಾರಾದರೂ ಸರಿ. ಅವರ ಫೋನಿನಲ್ಲೇ, ಮೊಬೈಲ್ ಡೇಟಾದಲ್ಲೇ ಸೈಟ್ ತೆರೆಸಿ. "ಒಂದು ಲೀಟರ್ ಕಡಲೆಕಾಯಿ ಎಣ್ಣೆ ಎಷ್ಟು ಅಂತ ಹುಡುಕಿ" ಅನ್ನೋ ಥರ ಒಂದೇ ಕೆಲಸ ಕೊಡಿ. ಆಮೇಲೆ ಬಾಯಿ ಮುಚ್ಚಿಕೊಂಡು ನೋಡಿ. "ಅಲ್ಲಿ ಮೇಲೆ ಮೂರು ಗೆರೆ ಇದೆಯಲ್ಲ, ಅದನ್ನ ಒತ್ತಿ" ಅಂತ ಹೇಳಿಕೊಟ್ಟರೆ ಫೇಲ್. ಇಂಥ ಪರೀಕ್ಷೆಗೆ ಐದು ಜನ ಸಿಕ್ಕರೂ ಹೆಚ್ಚಿನ ದೋಷಗಳು ಹೊರಬೀಳುತ್ತವೆ ಅಂತ ಅದೇ ನೀಲ್ಸನ್ ಹೇಳಿದ್ದಾರೆ. ಐದು ಜನ ನಮ್ಮ ಕ್ಯಾಂಟೀನ್ ಕ್ಯೂನಲ್ಲೇ ಸಿಗ್ತಾರೆ. ಇದಕ್ಕೆ ಮೌಲ್ಯಮಾಪನದಲ್ಲಿ ಒಂದಿಷ್ಟು ಮಾರ್ಕ್ಸ್ ಇಡಿ. ಮಾರ್ಕ್ಸ್ ಇದ್ದರೆ ನಾವು ಮಾಡ್ತೀವಿ, ನಮ್ಮ ಬುದ್ಧಿ ನಮಗೆ ಗೊತ್ತು.

ಮೂಟೆ ವಾಪಸ್ ತಗೊಂಡು ಹೋದವರು ಆಮೇಲೆ ಮತ್ತೆ ಬಂದು ಎಣ್ಣೆ ಆಡಿಸಿಕೊಂಡು ಹೋದರಂತೆ. ಆದರೆ ಈ ಸಲ ಮೊದಲು ಫೋನ್ ಮಾಡಿ ಕೇಳಿದರಂತೆ. ಸೈಟ್ ನೋಡಲಿಲ್ಲ. ಅವರ ನಂಬಿಕೆ ಮತ್ತೆ ಗಳಿಸೋಕೆ ನಮಗೆ ಇನ್ನೂ ಕೆಲವು ಅಮಾವಾಸ್ಯೆ ಬೇಕು.