ಪೆಟ್ಟಿಗೆಯೊಳಗೆ ಅಶ್ವಶಕ್ತಿ ಇಲ್ಲ

ವಿದ್ಯಾರ್ಥಿಗಳು ತಾವೇ ನಿರ್ಮಿಸಿದ ಪುಟ್ಟ ಪಂದ್ಯದ ಕಾರುಗಳನ್ನು ಓಡಿಸುವ ‘ಫಾರ್ಮುಲಾ ಎಸ್.ಎ.ಇ.’ ಸ್ಪರ್ಧೆಯು 1981ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಪ್ರಾರಂಭವಾಯಿತು. ಇದೇ ಮಾದರಿಯ ಸ್ಪರ್ಧೆಗಳು ಇಂದು ಹಲವು ದೇಶಗಳಲ್ಲಿವೆ. ನಮ್ಮ ದೇಶದ ‘ಫಾರ್ಮುಲಾ ಭಾರತ್’ ಕೊಯಮತ್ತೂರಿನ ಬಳಿಯ ಪಂದ್ಯಪಥದಲ್ಲಿ ನಡೆದಿದ್ದು, ಕರ್ನಾಟಕದ ಕಾಲೇಜುಗಳೂ ಅದರಲ್ಲಿ ಭಾಗವಹಿಸಿವೆ. ಪೆಟ್ರೋಲ್ ಕಾರು ಕಟ್ಟುವ ತಂಡಗಳು ಸಾಮಾನ್ಯವಾಗಿ ಮೋಟರ್ ಸೈಕಲಿನ ಎಂಜಿನನ್ನು ಆರಿಸಿಕೊಳ್ಳುತ್ತವೆ. ಅದರ ಮೂಲ ಎಲೆಕ್ಟ್ರಾನಿಕ್ ನಿಯಂತ್ರಕವನ್ನು ತೆಗೆದು, ಅಂಗಡಿಯಲ್ಲಿ ದೊರೆಯುವ ಬೇರೊಂದನ್ನು ಜೋಡಿಸುವುದೂ ಉಂಟು. ಹೊಸ ಪೆಟ್ಟಿಗೆ ಬಂದೊಡನೆ ಅಶ್ವಶಕ್ತಿಯೂ ಬಂದಂತೆಯೇ ಎಂಬ ನಂಬಿಕೆ ತರುಣರಲ್ಲಿ ಬೇರೂರಿದೆ. ಈ ನಂಬಿಕೆಯನ್ನು ಸ್ವಲ್ಪ ಪರೀಕ್ಷಿಸಿ ನೋಡೋಣ.

ಎಂಜಿನಿನ ಶಕ್ತಿಗೆ ಮಿತಿಯನ್ನು ಹಾಕುವುದು ಅದು ಒಳಗೆಳೆದುಕೊಳ್ಳುವ ಗಾಳಿ. ಪೆಟ್ರೋಲನ್ನು ಬೇಕಾದಷ್ಟು ಸುರಿಯಬಹುದು. ಆದರೆ ಅದು ಉರಿಯಲು ಆಮ್ಲಜನಕ ಬೇಕಲ್ಲವೇ? ಸ್ಪರ್ಧೆಯ ನಿಯಮದಂತೆ ಪೆಟ್ರೋಲ್ ಎಂಜಿನಿಗೆ ಹೋಗುವ ಗಾಳಿಯೆಲ್ಲವೂ 20 ಮಿಲಿಮೀಟರ್ ವ್ಯಾಸದ ಒಂದೇ ಕಂಠದ ಮೂಲಕ ಹಾಯಬೇಕು. ಅಲ್ಲಿ ಗಾಳಿಯ ವೇಗವು ಶಬ್ದದ ವೇಗವನ್ನು ಮುಟ್ಟಿತೆಂದರೆ, ಎಂಜಿನು ಎಷ್ಟು ಬಲವಾಗಿ ಹೀರಿದರೂ ಹೆಚ್ಚಿನ ಗಾಳಿ ಬಾರದು. ಸಮುದ್ರಮಟ್ಟದಲ್ಲಿ ಈ ಮಿತಿ ಸೆಕೆಂಡಿಗೆ ಸುಮಾರು 75 ಗ್ರಾಂ. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಬೇಕಾದುದರಿಂದ, ಈ ಗಾಳಿಯಲ್ಲಿ ಉರಿಯಬಲ್ಲ ಪೆಟ್ರೋಲು ಸುಮಾರು 5 ಗ್ರಾಂ. ಹುಟ್ಟುವ ಶಾಖ ಸುಮಾರು 220 ಕಿಲೋಜೂಲ್. ಅದರಲ್ಲಿ ಮೂರರಲ್ಲೊಂದು ಪಾಲು ಕೆಲಸಕ್ಕೆ ಒದಗಿದರೂ ಎಂಜಿನಿನ ಶಕ್ತಿ 100 ಅಶ್ವಶಕ್ತಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಾವಿಯಲ್ಲಿ ನೀರಿದ್ದಷ್ಟೇ ಕೊಡಕ್ಕೆ ಬರುವುದು.

ಹಾಗಾದರೆ ಪೆಟ್ಟಿಗೆಯ ಕೆಲಸವೇನು? ಯಾವ ಕ್ಷಣದಲ್ಲಿ ಎಷ್ಟು ಪೆಟ್ರೋಲು ಚಿಮ್ಮಬೇಕು, ಯಾವಾಗ ಕಿಡಿ ಹಾರಬೇಕು ಎಂಬುದನ್ನು ನಿಶ್ಚಯಿಸುವುದು. ಅದಕ್ಕಾಗಿ ಅದರ ನೆನಪಿನಲ್ಲಿ ಕೋಷ್ಟಕಗಳಿರುತ್ತವೆ. ಕಾರ್ಖಾನೆಯ ಕೋಷ್ಟಕ ಸಿದ್ಧವಾದುದು ಮೂಲ ಮೋಟರ್ ಸೈಕಲಿಗಾಗಿ. 20 ಮಿಲಿಮೀಟರಿನ ಕಂಠವನ್ನೂ ಹೊಸ ಹೊಗೆಕೊಳವೆಯನ್ನೂ ಜೋಡಿಸಿದ ಮೇಲೆ ಅದರ ಅಂಕಿಗಳು ಸುಳ್ಳಾಗುತ್ತವೆ. ಅವನ್ನು ತಿದ್ದಿದಾಗ ಕಳೆದುಹೋಗಿದ್ದ ಶಕ್ತಿ ಮರಳಿ ಬರುತ್ತದೆ. ಅದನ್ನು ಹೊಸ ಪೆಟ್ಟಿಗೆಯೇ ಹುಟ್ಟಿಸಿತೆಂದು ನಾವು ಭ್ರಮಿಸುತ್ತೇವೆ.

ಈ ತಿದ್ದುಪಡಿ ಸೂಕ್ಷ್ಮವಾದುದು. ಗರಿಷ್ಠ ಶಕ್ತಿ ದೊರೆಯುವುದು ಗಾಳಿ ಪೆಟ್ರೋಲಿನ 12.5ರಿಂದ 13 ಪಟ್ಟು ಇದ್ದಾಗ. ಎಂಜಿನು ಮಿನಿಟಿಗೆ 6,000 ಸುತ್ತು ತಿರುಗುವಾಗ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಅದರ ದಂಡ 36 ಡಿಗ್ರಿ ತಿರುಗಿಬಿಡುತ್ತದೆ. ಕಿಡಿ ತಡವಾದರೆ ಶಾಖ ಹೊಗೆಯೊಡನೆ ವ್ಯರ್ಥವಾಗಿ ಹೋಗುತ್ತದೆ; ಅತಿ ಮುಂಚೆ ಹಾರಿದರೆ ಉಳಿದ ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ನನ್ನೇ ಹಾಳುಮಾಡಬಹುದು.

ಹೀಗಿದ್ದರೂ ಕೆಲವರು ಇನ್ನೊಬ್ಬರ ಕೋಷ್ಟಕವನ್ನು ನಕಲು ಮಾಡಿ ತೃಪ್ತರಾಗುತ್ತಾರೆ. ಪಂದ್ಯದ ದಿನ ಹತ್ತಿರವಾಯಿತು, ಸಮಯವಿಲ್ಲ ಎಂಬುದು ಅವರ ಸಮಾಧಾನ. ಅದರಲ್ಲಿ ಹುರುಳಿಲ್ಲದಿಲ್ಲ, ಪ್ರಾರಂಭಕ್ಕೆ ಎರವಲು ಕೋಷ್ಟಕ ತಪ್ಪಲ್ಲ. ಆದರೆ ಅಲ್ಲಿಗೇ ನಿಲ್ಲುವುದು ತಪ್ಪು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಕೊಯಮತ್ತೂರು ಸುಮಾರು 400 ಮೀಟರ್. ಅಲ್ಲಿಯ ಗಾಳಿಯ ಒತ್ತಡ ಇಲ್ಲಿಗಿಂತ ನೂರಕ್ಕೆ ಆರರಷ್ಟು ಹೆಚ್ಚು. ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕೋಷ್ಟಕದೊಡನೆ ಇಲ್ಲಿಂದ ಅಲ್ಲಿಗೆ ಹೋದ ಕಾರಿನಲ್ಲಿ, ಬಂದ ಗಾಳಿಗೆ ಸಾಲುವಷ್ಟು ಪೆಟ್ರೋಲು ಬೀಳದು. ಕಾರಣವನ್ನರಿಯದ ತಂಡ ವರ್ಷದ ದುಡಿಮೆಯನ್ನು ಒಂದೇ ಮಧ್ಯಾಹ್ನ ಕಳೆದುಕೊಳ್ಳಬಹುದು.

ಸ್ಪರ್ಧೆಯ 1,000 ಅಂಕಗಳಲ್ಲಿ 150 ವಿನ್ಯಾಸಕ್ಕೆ ಮೀಸಲು. ಅಲ್ಲಿ ತೀರ್ಪುಗಾರರು “ಹೀಗೇಕೆ ಮಾಡಿದಿರಿ?” ಎಂದು ಕೇಳುತ್ತಾರೆ. ನಕಲು ಮಾಡಿದವನು ಏನು ಉತ್ತರ ಕೊಟ್ಟಾನು?

ಆದುದರಿಂದ ತರುಣ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೆ: ಪೆಟ್ಟಿಗೆಯನ್ನು ಕೊಳ್ಳಿರಿ, ಆದರೆ ಕೋಷ್ಟಕವನ್ನು ನೀವೇ ತುಂಬಿರಿ. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯಿರಿ, ಶಕ್ತಿಮಾಪಕದ ಮೇಲೆ ಎಂಜಿನನ್ನು ಓಡಿಸಿರಿ. ಒಂದು ಸಲಕ್ಕೆ ಒಂದೇ ಅಂಕಿಯನ್ನು ಬದಲಿಸಿ, ಫಲವನ್ನು ಟಿಪ್ಪಣಿಪುಸ್ತಕದಲ್ಲಿ ಬರೆದಿಡಿರಿ. ಗಳಿಸಿದ ಅಶ್ವಶಕ್ತಿ ಆ ಕಾರಿನೊಡನೆಯೇ ಮುಗಿಯುತ್ತದೆ. ಅಳೆದು ತಿಳಿಯುವ ಅಭ್ಯಾಸ ಮುಂದೆ ನೀವು ಯಾವ ಯಂತ್ರದ ಮುಂದೆ ನಿಂತರೂ ಉಪಯೋಗಕ್ಕೆ ಬರುತ್ತದೆ.